ಪೆನ್ನು ಬಿಟ್ಟು ತೊಂಡಾಮುತ್ತೂರಿಗೆ

ಮೈಸೂರಿನಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಸೀರೆ, ಸೋದರತ್ತೆಗೆಂದು ಮೈಸೂರು ಪಾಕು ಇದ್ದವು; ಪೆನ್ನು ಇರಲಿಲ್ಲ. ಯಜಮಾನರು ಕಿತ್ತಿಟ್ಟುಕೊಂಡಿದ್ದರು. "ಸ್ವಲ್ಪ ದಿನ ಬರೆಯಲೇಬೇಡ. ಆಮೇಲೆ ತಾನಾಗಿ ಬರುತ್ತೆ, ನೋಡು" ಎಂದಿದ್ದರು.

ನಾನು ಶಿಸ್ತಿನ ಹೆಂಗಸು. ಹಾಲಿನವನು ಬರುವ ಮೊದಲೇ ಬರೆಯಲು ಕೂರುತ್ತೇನೆ, ಎರಡನೇ ಕಾಫಿಗೆ ಏಳುತ್ತೇನೆ, ಊಟವಾದ ಮೇಲೆ ಕಾಗದ ಮುಟ್ಟುವುದಿಲ್ಲ. ಹಾಗಿದ್ದುದರಿಂದಲೇ ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಒಂದು ವಾರವೂ ತಪ್ಪಿರಲಿಲ್ಲ. ಕೊನೆಯ ಕಂತಿಗೆ ಬಂದು ಕೈ ನಿಂತಿತು. ಗಂಡ ಬಿಟ್ಟುಹೋದ ನನ್ನ ಶಾಂತೆ ಬಾವಿಕಟ್ಟೆಯ ಬಳಿ ನಿಂತಿದ್ದಳು. ಅವಳನ್ನು ಬಾವಿಗೆ ಹಾರಿಸಿ ಕತೆ ಮುಗಿಸಬೇಕು, ಅಷ್ಟೇ. ಏನು ಮಾಡಿದರೂ ಹಾರಲೊಲ್ಲಳು! ಸಂಪಾದಕರು ಸೋಮವಾರದ ಗಡುವು ಕೊಟ್ಟು ಕೂತಿದ್ದರು.

ದಿಂಬಂ ಘಾಟಿಯ ತಿರುವುಗಳಲ್ಲಿ ಅರ್ಧ ಬಸ್ಸು ವಾಂತಿ ಮಾಡಿಕೊಂಡಿತು. ನಾನು ನಿಂಬೆಹಣ್ಣು ಮೂಸುತ್ತಾ ಗಟ್ಟಿಯಾಗಿ ಕುಳಿತೆ. ಸತ್ಯಮಂಗಲದಲ್ಲಿ ಇಡ್ಲಿ ತಿಂದು ಮುಂದಿನ ಬಸ್ಸು ಹಿಡಿದೆ. ನಯಾಪೈಸೆ ಬಂದ ಹೊಸತು, ಚಿಲ್ಲರೆಗಾಗಿ ಕಂಡಕ್ಟರನೊಂದಿಗೆ ಸಣ್ಣ ಜಗಳವೂ ಆಯಿತು. ಕೊಯಮತ್ತೂರಿನಲ್ಲಿ ಬೆಟ್ಟದಿಂದ ಬರುವ ಸಿರುವಾಣಿ ನೀರು ಕುಡಿದೆ. ಅಬ್ಬಾ, ಅದೇನು ರುಚಿ! ಸಂಜೆಗೆ ತೊಂಡಾಮುತ್ತೂರು ತಲುಪಿದೆ. ಎದುರಿಗೇ ಬೆಟ್ಟ, ಅಲ್ಲಿಂದ ತಣ್ಣನೆಯ ಗಾಳಿ.

ಸೋದರತ್ತೆ ಚೆನ್ನಮ್ಮ ಇಲ್ಲಿನ ಕನ್ನಡದ ಒಕ್ಕಲು ಮನೆಗೆ ಸೇರಿ ಬಹಳ ಕಾಲವಾಗಿದೆ. ಮರುದಿನ ಬೆಳಿಗ್ಗೆ ಅರಿಸಿನದ ಹೊಲಗಳಲ್ಲಿ ತಿರುಗಾಡಿದೆ, ಹೊಟ್ಟೆ ತುಂಬ ಉಂಡೆ. ಮಧ್ಯಾಹ್ನ ನೆರೆಮನೆಯ ಹೆಂಗಸರು ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತರು. ಅತ್ತೆಯ ಸೊಸೆ ಸರಸ ಒಳಗಿಂದ ವಾರಪತ್ರಿಕೆ ತಂದಳು. ನಾನೇ ವಾರವಾರ ಅಂಚೆಯಲ್ಲಿ ಕಳಿಸುತ್ತಿದ್ದದ್ದು. ನಾನು ಉಬ್ಬಿಹೋದೆ.

"ಅತ್ತೆಮ್ಮ, ವಳ್ಳಿ ಕತೆ ಹೇಳಿ" ಎಂದಳು ಸರಸ.

"ವಳ್ಳಿ ಯಾರೇ?" ಎಂದೆ. ಅವಳು ನನ್ನ ಶಾಂತೆಯ ಚಿತ್ರದ ಮೇಲೆ ಬೆರಳಿಟ್ಟಳು.

ಅತ್ತೆ ನಕ್ಕಳು. "ನಮ್ಮ ಮನೇಲಿ ಕನ್ನಡ ಎಳುತ್ತು, ಅಕ್ಷರ, ಯಾರಿಗೆ ಓದಕ್ಕೆ ಬರುತ್ತೆ ಕಣವ್ವಾ? ಇವರೆಲ್ಲ ಕಲ್ತದ್ದು ತಮಿಳು. ನಂಗೆ ಅದೂ ಇಲ್ಲ. ಪಡ ನೋಡ್ತೀವಿ, ಕತೆ ಕಟ್ತೀವಿ."

ಮೈಯೆಲ್ಲ ಉರಿಯಿತು. ನಾನು ನಿದ್ದೆಗೆಟ್ಟು ಬರೆದದ್ದನ್ನು ಬಿಟ್ಟು ಬರೀ ಚಿತ್ರವೇ? ಆದರೆ ಅತ್ತೆ ಆಗಲೇ ಶುರುಮಾಡಿದ್ದಳು.

"ಗಂಡ ಓಡಿಹೋದ್ನಾ? ಪೋಗಟ್ಟುಂ, ಹೋದ್ರೆ ಹೋದ ಅಂದ್ಳು ವಳ್ಳಿ. ಕಿವಿ ಓಲೆ ಮಾರಿ ಕಾಂಗೇಯಂನಿಂದ ಹಸ ತಂದ್ಳು."

ಹೆಂಗಸರು ತಲೆದೂಗಿದರು. ಅತ್ತೆ ಕೊನೆಯ ಚಿತ್ರಕ್ಕೆ ಬಂದಳು: ಬಾವಿಯೊಳಗೆ ಬಗ್ಗಿ ನೋಡುತ್ತಿರುವ ಶಾಂತೆ. ನಾನು ಹತ್ತಿರ ಸರಿದು ಕೇಳಿದೆ:

"ಇಲ್ಲಿ ಏನು ಮಾಡ್ತಾಳೆ, ಅತ್ತೆ?"

ಅತ್ತೆ ನನ್ನನ್ನು ಪೆದ್ದಿಯ ಹಾಗೆ ನೋಡಿದಳು. "ಬಾವಿ ಹತ್ರ ಏನು ಮಾಡ್ತಾರೆ? ಹಸೂಗೆ ನೀರು ಬೇಡ್ವಾ? ಸೇದಕ್ಕೆ ನಿಂತವಳೆ."

ನನಗೆ ಅಳು ಬಂತು. ಮರೆಮಾಡದೆ ಅತ್ತುಬಿಟ್ಟೆ. "ಗಂಡನ ಮನೆ ಜ್ಞಾಪಕ ಬಂತೇನೋ" ಎಂದು ಸರಸ ಕಾಫಿ ತರಲು ಎದ್ದಳು.

ಉಳಿದ ದಿನಗಳಲ್ಲಿ ತಿಂದೆ, ತಿರುಗಾಡಿದೆ, ಗಡದ್ದಾಗಿ ನಿದ್ದೆ ಮಾಡಿದೆ; ಬರೆಯಬೇಕೆಂಬ ಚಡಪಡಿಕೆಯೇ ಇರಲಿಲ್ಲ. ಹಿಂದಿರುಗಿದ ಮರುಬೆಳಿಗ್ಗೆ, ಹಾಲಿನವನಿಗಿಂತ ಮೊದಲೇ ಎದ್ದು ಯಜಮಾನರಿಂದ ಪೆನ್ನು ಕಿತ್ತುಕೊಂಡೆ. ಎರಡನೇ ಕಾಫಿಯ ಹೊತ್ತಿಗೆ ಶಾಂತೆ ನೀರು ಸೇದಿ, ಹಸುವಿಗೆ ಕುಡಿಸಿ, ಹಾಲು ಕರೆಯಲು ಕೂತಿದ್ದಳು.

ಕಂತಿನ ಜೊತೆ ಸಂಪಾದಕರಿಗೆ ಒಂದು ಸಾಲು ಬರೆದೆ: "ಚಿತ್ರದಲ್ಲಿ ಹಸು ಇರಲೇಬೇಕು. ನಮ್ಮ ಅತ್ತೆ ಓದಬೇಕು."