ನುಗ್ಗೆಮರಕ್ಕೆ ಕೂತ ಪಂಚಾಯಿತಿ

ಚಿನ್ಮಯಿ, ಸುಹಾಸ,

ನಿನ್ನೆ ಹೋಂವರ್ಕ್ ಮಾಡುತ್ತಾ, "ಅಜ್ಜಿ, ಪಂಚಾಯಿತಿಗೆ ಆ ಹೆಸರು ಯಾಕೆ ಬಂತು?" ಎಂದು ಕೇಳಿದಿರಿ. ನಾನು ಕುಕ್ಕರ್ ಕೂಗಿತು ಎಂದು ಅಡುಗೆಮನೆಗೆ ಹೋದೆ. ಕುಕ್ಕರ್ ಇಟ್ಟೇ ಇರಲಿಲ್ಲ. ಉತ್ತರ ಗೊತ್ತಿರಲಿಲ್ಲವೆಂದಲ್ಲ; ನಿಮ್ಮ ಸ್ನೇಹಿತರೆಲ್ಲ ಕೂತಿದ್ದರು. ಅಷ್ಟು ಜನರ ಮುಂದೆ ನನ್ನ ಹೆಸರು ಹೇಳುವುದೇ ನನಗೆ ಕಷ್ಟ. ಬರೆಯುವುದಾದರೆ ಪರವಾಗಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ.

ಪಂಚ ಎಂದರೆ ಐದು. ಊರಿನ ಐದು ಹಿರಿಯರು ಕೂತು ನ್ಯಾಯ ಹೇಳುತ್ತಿದ್ದರಂತೆ, ಅದರಿಂದ ಆ ಹೆಸರು. ನಮ್ಮ ಹಳ್ಳಿ ಶಾಲೆಯಲ್ಲಿ ಹಾಗೆಂದು ಹೇಳಿಕೊಟ್ಟಿದ್ದರು. ಆದರೆ ನಮ್ಮೂರ ಅರಳಿಕಟ್ಟೆಯ ಮೇಲೆ ನಾನು ನೋಡಿದಾಗೆಲ್ಲ ಅರ್ಧ ಊರು ಕೂತಿರುತ್ತಿತ್ತು, ಜೊತೆಗೆ ನಾಯಿಗಳು. ಮನೆಯೊಳಗೆ ಆ ಮಾತಿನ ಅರ್ಥವೇ ಬೇರೆ. ಸೊಪ್ಪಿನವಳ ಹತ್ತಿರ ನಾನು ಎರಡು ಮಾತಾಡಿದರೆ ನಿಮ್ಮ ತಾತ, "ಬೆಳಬೆಳಗ್ಗೆ ಏನೇ ಅದು ನಿನ್ನ ಪಂಚಾಯಿತಿ?" ಎನ್ನುತ್ತಿದ್ದರು. ಬಾಯಿಲ್ಲದವಳಿಗೂ ಆ ಬಿರುದು ಸಿಕ್ಕಿತ್ತು.

ಐದೇ ಜನ ಯಾಕೆ ಬೇಕೆಂದು ತಿಳಿದದ್ದು ತಾತ ಹೋದ ಮೇಲೆ, ನಾನು ಕೃಷ್ಣಮೂರ್ತಿಪುರಂನ ಈ ಮನೆಗೆ ಬಂದಾಗ. ನೀವಿನ್ನೂ ತೊಟ್ಟಿಲಲ್ಲಿದ್ದಿರಿ. ಬೀದಿಯಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರು ಇಬ್ಬರೇ, ಎದುರುಮನೆ ಜಯಮ್ಮ ಮತ್ತು ಅವರ ಪಕ್ಕದ ಮನೆ ರತ್ನಮ್ಮ. ಅಂಥ ಇಬ್ಬರೂ ಜಗಳ ಆಡಿಬಿಟ್ಟರು. ರತ್ನಮ್ಮನ ನುಗ್ಗೆಮರದ ಕಂಬಳಿಹುಳ ಗೋಡೆಯಾಚೆ ಜಯಮ್ಮ ಒಣಹಾಕಿದ ಸಂಡಿಗೆಯ ಮೇಲೆ ಉದುರುತ್ತಿತ್ತು.

"ಮರ ಕಡಿಸಿಬುಡಿ," ಎಂದರು ಜಯಮ್ಮ.

"ಹುಳಕ್ಕೆ ನಾನೇನು ಹೇಳಿ ಕಳಿಸ್ತೀನಾ, ಜಯಮ್ಮನೋರ ಮನೇಗೆ ಹೋಗ್ಬಾ ಅಂತ?" ಎಂದರು ರತ್ನಮ್ಮ.

ಮಾತು ನಿಂತಿತು. ಒಬ್ಬರ ಜೊತೆ ನಾನು ನಿಂತರೆ ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ನಿವೃತ್ತ ಮೇಷ್ಟ್ರು ಶಂಕರಯ್ಯ ತಮ್ಮ ಜಗುಲಿಯ ಮೇಲೆ ಪಂಚಾಯಿತಿ ಕರೆದರು. ಅದು ಧಾರಾವಾಹಿಯ ಹೊತ್ತು, ಯಾರೂ ಬರಲಿಲ್ಲ. ಬಂದವರು ಹಾಲಿನ ಬೂತಿನ ನಾಗಣ್ಣ, ಜಗಳ ಆಡಿದ ಇಬ್ಬರು, ಅವರಿಬ್ಬರೂ ಎಳೆದುಕೊಂಡು ಬಂದ ನಾನು.

"ಜಗಳ ಆಡೋರೇ ಪಂಚರಾದ್ರೆ ಎಂಗೆ ಮೇಷ್ಟ್ರೇ?" ಎಂದ ನಾಗಣ್ಣ.

"ಇನ್ನೇನ್ಮಾಡೋದಯ್ಯ? ನಾಲ್ಕು ಜನ ಕೂತ್ರೆ ಅದು ಹರಟೆ. ಐದಾದ್ರೇನೇ ಪಂಚಾಯಿತಿ."

ಮೇಷ್ಟ್ರಿಗೆ ಜಯಮ್ಮನ ಸಂಡಿಗೆ ಇಲ್ಲದೆ ಊಟ ಇಳಿಯದು. ಮರ ಹೋಗಲಿ ಎಂದರು. ನಾಗಣ್ಣನ ಸಾರಿಗೆ ರತ್ನಮ್ಮನ ನುಗ್ಗೆಕಾಯಿ. ಮರ ಇರಲಿ ಎಂದ. ಎರಡು ಆ ಕಡೆ, ಎರಡು ಈ ಕಡೆ. ಎಲ್ಲರೂ ನನ್ನನ್ನು ನೋಡಿದರು.

"ಒಲೆ ಮೇಲೆ ಹಾಲಿಟ್ಟು ಬಂದೆ," ಎಂದು ಎದ್ದು ಓಡಿದೆ.

ತಪ್ಪಿಸಿಕೊಂಡೆ ಎಂದು ಮಂಚದ ಮೇಲೆ ಕೂತೆ. ಐದನೆಯವರು ಇಲ್ಲದೆ ತೀರ್ಪು ಊರ್ಜಿತವಲ್ಲ ಎಂದರಂತೆ ಮೇಷ್ಟ್ರು. ಪಂಚಾಯಿತಿಯೇ ಎದ್ದು ನಮ್ಮ ಮನೆಗೆ ಬಂತು. ನಾಗಣ್ಣ ನೇರವಾಗಿ ಅಡುಗೆಮನೆಗೆ ಇಣುಕಿ, "ಹಾಲೇ ಇಲ್ವಲ್ಲಮ್ಮ, ಬೂತಿಂದ ತರ್ಲಾ?" ಎಂದ.

ಜಯಮ್ಮ, ರತ್ನಮ್ಮ ಬಾಗಿಲ ಎರಡು ಪಕ್ಕ ನಿಂತಿದ್ದರು. ಆಗ ನನ್ನ ಬಾಯಿಂದ ಹೊರಟಿತು: "ಮರ ಅಲ್ಲೇ ಇರ್ಲಿ. ಸಂಡಿಗೆ ನಮ್ಮ ತಾರಸಿ ಮೇಲೆ ಹಾಕ್ಕೊಳ್ಳಿ."

"ಬಾಯಿದೆಯಲ್ರೀ ಇವರಿಗೆ," ಎಂದರು ರತ್ನಮ್ಮ.

"ಇಷ್ಟು ದಿನ ಇದನ್ನ ಒಟ್ಟೇಲಿಟ್ಕೊಂಡು ಕೂತಿದ್ರಲ್ಲ, ನಮ್ಮಿಬ್ಬರಿಗೂ ಹುಚ್ಚು ಹಿಡಿಸಿ," ಎಂದರು ಜಯಮ್ಮ. ಇಬ್ಬರೂ ಸೇರಿ ನನ್ನನ್ನು ಬೈಯುತ್ತಲೇ ತಾರಸಿ ಹತ್ತಿ ಜಾಗ ನೋಡಿಕೊಂಡರು.

ಮರುದಿನ ಜಯಮ್ಮನ ಸಂಡಿಗೆ ಬಂತು. ಆಮೇಲೆ ಹಪ್ಪಳ. ಆಮೇಲೆ, ತಾನೇನು ಕಡಿಮೆ ಎಂದು, ರತ್ನಮ್ಮನ ಮೆಣಸಿನಕಾಯಿ. ನಮ್ಮ ಬಟ್ಟೆಗಳು ಮೆಟ್ಟಿಲ ಕಂಬಿಯ ಮೇಲೆ ಒಣಗುವುದು ಅದಕ್ಕೇ. ಈಗಲೂ ಅವರಿಬ್ಬರೂ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಹರಟುತ್ತಾರೆ. ನಾನು ಮಧ್ಯೆ ಕೋಲು ಹಿಡಿದು ಕಾಗೆ ಓಡಿಸುತ್ತೇನೆ. ಆಗಾಗ ಒಂದೆರಡು ಮಾತು ಸೇರಿಸುವುದೂ ಉಂಟು.

ಮಕ್ಕಳೇ, ಹೋಂವರ್ಕಿಗೆ ಹೀಗೆ ಬರೆಯಿರಿ: ನಾಲ್ಕು ಜನ ಇಬ್ಬಿಬ್ಬರಾಗಿ ಒಡೆದುಹೋಗುತ್ತಾರೆ, ತಾರಸಿ ಬಿಟ್ಟುಕೊಡಲು ಐದನೆಯವರೊಬ್ಬರು ಬೇಕು. ನಿಮ್ಮ ಟೀಚರ್ ಒಪ್ಪದಿದ್ದರೆ ನನ್ನನ್ನು ಕರೆಯಿರಿ, ಬಂದು ಹೇಳುತ್ತೇನೆ. ಆಗ ಧೈರ್ಯ ಸಾಲದೆ ಹೋದರೆ ಓದಿಯಾದರೂ ಹೇಳಬೇಕಲ್ಲ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿರಿ.