ತಣ್ಣಗಿದ್ದ ಚಕ್ರವನ್ನು ಹಿಡಿದವರು

ವಾಹನ ತಂತ್ರಜ್ಞಾನ ಕಲಿಸುವವರಲ್ಲಿ ಎರಡು ಪಂಥಗಳಿವೆ. ಮೊದಲು ಸ್ಪ್ಯಾನರ್ ಎತ್ತಿ ಆಮೇಲೆ ಯೋಚಿಸುವವರದು ಒಂದು; ಯೋಚಿಸುತ್ತಿದ್ದೇವೆ ಎನ್ನುತ್ತ ಸ್ಪ್ಯಾನರನ್ನೇ ಎತ್ತದವರದು ಇನ್ನೊಂದು. ಈ ಎರಡು ಪಂಥಗಳನ್ನೂ ಭೇದವೆಣಿಸದೆ ಬೈಯುತ್ತ, ನಮ್ಮ ತರಬೇತಿ ಸಂಸ್ಥೆಯ ವಾಹನ ವಿಭಾಗವನ್ನು ತಗಡಿನ ಸೂರಿನಡಿಯಿಂದ ಎತ್ತಿ ನಿಲ್ಲಿಸಿದ ನಮ್ಮ ಮೇಡಂ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹಳೆಯ ಸಣ್ಣ ಕಾರೊಂದು ಒಂದೇ ಬದಿಗೆ ಏಕೆ ಎಳೆಯುತ್ತದೆ ಎಂಬ ಪ್ರಶ್ನೆಯನ್ನು ಅವರಷ್ಟು ಪ್ರೀತಿಯಿಂದಲೂ ಅವರಷ್ಟು ಸಿಟ್ಟಿನಿಂದಲೂ ಕಲಿಸಿದವರನ್ನು ನಾನು ಕಂಡಿಲ್ಲ.

ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ನನ್ನ ಸಹೋದ್ಯೋಗಿ, ಸಜ್ಜನರು. ಲೇಖನ ಕೇಳಲು ಫೋನ್ ಮಾಡಿದವರು ಮೊದಲೇ ಎಚ್ಚರಿಸಿದರು: "ನೋಡಪ್ಪಾ, ನಿನ್ನ ಬಾಯಿ ನಂಗೊತ್ತು. ಅಭಿನಂದನೆ ಬರಿ, ನಿಂದನೆ ಬೇಡ. ಆ ಕಾರಿನ ಕತೆ ಮಾತ್ರ ಎತ್ತಬೇಡ." ಆ ಕಾರಿನ ಕತೆಯನ್ನು ಬಿಟ್ಟು ಮೇಡಂ ಅವರನ್ನು ಹೊಗಳುವುದೆಂದರೆ ಎಂಜಿನ್ ಇಳಿಸಿಟ್ಟು ಕಾರನ್ನು ಮಾರಿದಂತೆ. ಆದ್ದರಿಂದ ಎತ್ತುತ್ತೇನೆ, ಜ್ಯಾಕ್ ಹಾಕಿಯೇ ಎತ್ತುತ್ತೇನೆ.

ಮೇಡಂ ಸೇವೆಗೆ ಸೇರಿದಾಗ ನಮ್ಮ ವರ್ಕ್‌ಶಾಪಿನಲ್ಲಿ ಉಪಕರಣಗಳು ಸವೆದುಹೋಗದಿರಲೆಂದು ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಸಂಪ್ರದಾಯವಿತ್ತಂತೆ. ವಿದ್ಯಾರ್ಥಿಗಳು ಗಾಜಿನಾಚೆ ಇಣುಕಿ ಸ್ಪ್ಯಾನರುಗಳ ದರ್ಶನ ಪಡೆದು ಪದವಿ ಪಡೆಯುತ್ತಿದ್ದರು. ಮೇಡಂ ಮೊದಲ ವಾರವೇ ಕಪಾಟಿನ ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿದರು. ಉಗ್ರಾಣದವರು ಗಾಬರಿಯಾಗಿ ಓಡಿಬಂದರೆ, "ಬಾಗಿಲಿದ್ರೆ ತಾನೇ ಬೀಗ?" ಎಂದು ಕೇಳಿ ಪಾಠ ಮುಂದುವರಿಸಿದರಂತೆ.

ಅವರ ಪಾಠ ಶುರುವಾಗುತ್ತಿದ್ದುದೇ ಒಂದು ಪ್ರಶ್ನೆಯಿಂದ. ನಾವು "ಮೇಡಂ, ಕಾರು ಎಡಕ್ಕೆ ಎಳೀತಿದೆ" ಎಂದರೆ ಅವರು "ಯಾವಾಗ?" ಎನ್ನುವರು. "ಯಾವಾಗಲೂ ಮೇಡಂ" ಎಂದವನ ಗತಿ ಮುಗಿಯಿತು.

"ಯಾವಾಗಲೂ ಅನ್ನೋದು ಅತ್ತೆ ಸೊಸೆ ಜಗಳದಲ್ಲಿ ಬರೋ ಮಾತು ಕಣೋ. ಬ್ರೇಕ್ ಒತ್ತಿದಾಗಲೋ, ಒತ್ತದೇ ಇದ್ದಾಗಲೋ, ಒತ್ತಿ ಬಿಟ್ಟ ಮೇಲೋ?"

ಬ್ರೇಕ್ ಒತ್ತದೆಯೇ ಎಳೆಯುತ್ತಿದ್ದರೆ ಮೊದಲು ಟೈರಿನ ಗಾಳಿ ನೋಡಬೇಕು. ಆಮೇಲೆ ಮುಂದಿನ ಎರಡು ಟೈರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಬೇಕು. ಎಳೆತವೂ ಬದಿ ಬದಲಿಸಿದರೆ ತಪ್ಪು ಟೈರಿನದು, ಬದಲಿಸದಿದ್ದರೆ ಚಕ್ರಗಳ ಅಲೈನ್‌ಮೆಂಟ್ ನೋಡಬೇಕು. ಒತ್ತಿ ಬಿಟ್ಟ ಮೇಲೂ ಎಳೆಯುತ್ತಿದ್ದರೆ ಯಾವುದೋ ಬ್ರೇಕು ಹಿಡಿದದ್ದನ್ನು ಬಿಡುತ್ತಿಲ್ಲ. ಒತ್ತಿದಾಗ ಮಾತ್ರ ಎಳೆದರೆ ಸ್ಟೇರಿಂಗಿನ ತಂಟೆಗೆ ಹೋಗದೆ ನೇರ ಬ್ರೇಕಿಗೆ ಬರಬೇಕು. ಇಷ್ಟೇ. ಇಷ್ಟನ್ನು ಕೇಳುವ ತಾಳ್ಮೆಯಿಲ್ಲದೆ ಎಷ್ಟು ಕಾರುಗಳು, ಎಷ್ಟು ಮನುಷ್ಯರು ಹಾಳಾಗುತ್ತಾರೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಅವರ ದಯೆಗೂ ಒಂದು ವಿಚಿತ್ರ ರೀತಿಯಿತ್ತು. ವಿದ್ಯಾರ್ಥಿಯಾಗಿದ್ದಾಗ ನಾನೊಮ್ಮೆ ಗೆಳೆಯರ ಮುಂದೆ ಸೊಂಟದ ಮೇಲೆ ಕೈಯಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅವರ ದನಿಯಲ್ಲೇ ಕ್ಲಚ್ಚಿನ ಪಾಠ ಮಾಡುತ್ತಿದ್ದೆ. ಗೆಳೆಯರ ನಗು ಥಟ್ಟನೆ ನಿಂತಾಗಲೇ ನನಗೆ ಅರಿವಾದದ್ದು, ಅಸಲು ಪ್ರತಿ ನನ್ನ ಹಿಂದೆ ನಿಂತಿದೆಯೆಂದು. "ದನಿ ಸರಿಯಾಗಿದೆ. ಹೇಳಿದ್ದು ತಪ್ಪಾಗಿದೆ. ಮತ್ತೆ ಮಾಡು" ಎಂದರು. ಮರುವಾರದಿಂದ ಕೆಟ್ಟ ಬೇರಿಂಗು, ಸಡಿಲ ಬುಷ್, ಸವೆದ ಬ್ರೇಕ್ ಪ್ಯಾಡುಗಳ ಸದ್ದನ್ನು ಹೊಸ ವಿದ್ಯಾರ್ಥಿಗಳಿಗೆ ಬಾಯಲ್ಲೇ ಮಾಡಿ ತೋರಿಸುವ ಕೆಲಸವನ್ನು ನನಗೆ ಕೊಟ್ಟರು. ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದ ನನ್ನ ಚೇಷ್ಟೆಗೆ ಮರ್ಯಾದೆಯ ಉದ್ಯೋಗ ಸಿಕ್ಕಿದ್ದು ಹಾಗೆ. ಮುಂದೆ ಅವರ ಕೈಕೆಳಗೇ ಉಪನ್ಯಾಸಕನಾದೆ.

ಇನ್ನು ಆ ಕಾರು. ಸಂಸ್ಥೆಗೆ ಒಂದು ಹಳೆಯ ಸಣ್ಣ ಕಾರಿತ್ತು. ಅದನ್ನು ಓಡಿಸುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ, ಎಲ್ಲರೂ ಡ್ರೈವರಣ್ಣ ಎಂದು ಕರೆಯುತ್ತಿದ್ದ ಹಿರಿಯರು. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿದೆಯೆಂದು ಅವರು ಹಲವು ಸಲ ಹೇಳಿದ್ದರು. ವಾಹನ ವಿಭಾಗವೊಂದನ್ನು ಮನೆಯಲ್ಲೇ ಇಟ್ಟುಕೊಂಡ ಸಂಸ್ಥೆ ಏನು ಮಾಡಬೇಕು? ನಮ್ಮ ಅಂದಿನ ಪ್ರಾಂಶುಪಾಲರು ಕಾರನ್ನು ಹೊರಗಿನ ಗ್ಯಾರೇಜಿಗೆ ಕಳಿಸಿದರು. ಅವರ ದನಿಯಲ್ಲೇ ಹೇಳುವುದಾದರೆ, "ಅಂದರೇ… ಇಲ್ಲಿರುವುದೂ… ಬೋಧನೆಗಾಗೀ… ದುರಸ್ತಿಗಲ್ಲಾ!" ಗ್ಯಾರೇಜಿನವರು ಅಲೈನ್‌ಮೆಂಟ್ ಮಾಡಿದರು, ಮತ್ತೆ ಮಾಡಿದರು, ಎಳೆಯುತ್ತಿರುವುದು ಎಡಕ್ಕಲ್ಲವೇ ಎಂದು ಎಡಚಕ್ರದ ಬ್ರೇಕನ್ನು ಪೂರಾ ಹೊಸದು ಮಾಡಿಕೊಟ್ಟರು. ಎಡವಟ್ಟು ಎಂಬ ಪದ ಹುಟ್ಟಿದ್ದು ಹೀಗೆಯೇ ಇರಬೇಕು.

ಒಂದು ಬೆಳಿಗ್ಗೆ ಪ್ರಾಂಶುಪಾಲರು ಹಿಂದಿನ ಸೀಟಿನಲ್ಲಿದ್ದಾಗ ಸೈಕಲ್ ಸವಾರನೊಬ್ಬ ಅಡ್ಡ ಬಂದ. ಡ್ರೈವರಣ್ಣ ಬ್ರೇಕ್ ಒತ್ತಿದರು. ಸವಾರ ಉಳಿದ, ಕಾರು ಎಡಕ್ಕೆ ತಿರುಗಿ ಗೇಟಿನ ಕಂಬಕ್ಕೆ ಮೂತಿ ಕೊಟ್ಟಿತು, ಪ್ರಾಂಶುಪಾಲರ ಹಣೆಯ ಮೇಲೊಂದು ಗುಬುಟು ಎದ್ದಿತು. ಆ ಗುಬುಟು ಇಳಿಯುವ ಮೊದಲೇ ಡ್ರೈವರಣ್ಣ ಅಮಾನತಾದರು. ಕಾರಣ: ವಯಸ್ಸಾಗಿದೆ, ಕೈ ನಡುಗುತ್ತದೆ, ವಾಹನ ಚಾಲನೆಗೆ ಅನರ್ಹರು. ಇದನ್ನು ಖಚಿತಪಡಿಸಲು ತನಿಖಾ ಸಮಿತಿಯಾಯಿತು. ಅಧ್ಯಕ್ಷರು ಗುಬುಟಿನ ಮಾಲೀಕರೇ. ಸದಸ್ಯರು ವಿದ್ಯುತ್ ವಿಭಾಗದವರೊಬ್ಬರು, ಗಣಿತದವರೊಬ್ಬರು. ಕಾರಿನ ಬಗ್ಗೆ ತನಿಖೆ, ವಾಹನ ವಿಭಾಗದ ಒಬ್ಬರೂ ಇಲ್ಲ! ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ನನ್ನ ಪೆನ್ನು ಕಾಗದವನ್ನು ಹರಿಯುತ್ತದೆ.

ಮೇಡಂ ನನ್ನನ್ನೂ ಕರೆದುಕೊಂಡು ಡ್ರೈವರಣ್ಣನ ಮನೆಗೆ ಹೋದರು. ಬಾಗಿಲು ತೆಗೆದ ಅವರ ಹೆಂಡತಿ ನಮ್ಮನ್ನು ಕೂರಿಸುವ ಮೊದಲೇ ಹೇಳಿದರು: "ಇವರ ಕೈ ನಡುಗ್ತಿರೋದು ನಿಜ ಮೇಡಂ. ಆದ್ರೆ ನಡುಗೋಕೆ ಶುರುವಾಗಿದ್ದು ಆ ನೋಟಿಸ್ ಬಂದ ಮೇಲೆ."

ಮೇಡಂ ಕೇಳಿದ್ದು ಅದೇ ಪ್ರಶ್ನೆ. "ಯಾವಾಗ ಎಳೀತಿತ್ತಣ್ಣಾ?"

"ಬ್ರೇಕ್ ಒತ್ತಿದ್ರೆ ಮಾತ್ರ ಮೇಡಂ. ಸುಮ್ನೆ ಓಡ್ತಿದ್ರೆ ಸಾಧು."

"ಇದನ್ನ ಸಮಿತಿಯವರು ಕೇಳಲಿಲ್ವಾ?"

"ಅವರು ಕೇಳಿದ್ದು, ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ ಅಂತ."

ಮೇಡಂ ಅವರ ಮುಖ ಕೆಂಪಾದದ್ದನ್ನು ನಾನು ನೋಡಿದೆ. ನಕಲು ಮಾಡಲು ಬಾರದ ಮುಖ ಅದು.

ಕಾರು ವರ್ಕ್‌ಶಾಪಿನ ಹಿಂದೆ ನಿಂತಿತ್ತು. ಮುರಿದಿದ್ದದ್ದು ಬಂಪರು, ಒಂದು ದೀಪ ಅಷ್ಟೇ. ಅಭ್ಯಾಸದ ಮೈದಾನದಲ್ಲಿ ಓಡಿಸಿ ನ್ಯೂಟ್ರಲ್‌ಗೆ ಹಾಕಿದೆವು, ನೇರ ಹೋಯಿತು. ಬ್ರೇಕ್ ಒತ್ತಿದೆವು, ಎಡಕ್ಕೆ ಹಾರಿತು. ಹತ್ತಾರು ಸಲ ಹೀಗೆ ಮಾಡಿ ಇಳಿದು, ಮುಂದಿನ ಚಕ್ರಗಳ ಬಳಿ ಅಂಗೈಯ ಹಿಂಬದಿ ಹಿಡಿದರೆ ಎಡದ್ದು ಕಾದ ಕಾವಲಿ, ಬಲದ್ದು ಆಗತಾನೇ ಸ್ನಾನ ಮಾಡಿ ಬಂದಂತೆ ತಣ್ಣಗೆ. ನಾನು ಬಿಸಿ ಚಕ್ರಕ್ಕೆ ಕೈ ಹಾಕಿದೆ. ಮೇಡಂ ಮುಂಗೈ ಮೇಲೆ ಪಟ್ಟೆಂದು ಕೊಟ್ಟರು.

"ಬಿಸಿಯಾಗಿರೋದು ಕೆಲಸ ಮಾಡಿದೆ ಕಣೋ, ಪಾಪ. ತಣ್ಣಗಿರೋದನ್ನ ವಿಚಾರಿಸು."

ನಾನು ಪೆಡಲ್ ಒತ್ತಿದೆ, ಅವರು ಚಕ್ರದ ಬಳಿಯ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿದರು. ಎಡದಲ್ಲಿ ಬ್ರೇಕ್ ಆಯಿಲ್ ಚಿಮ್ಮಿತು. ಬಲದಲ್ಲಿ ಕಣ್ಣೀರಿನಂತೆ ಒಂದೊಂದೇ ಹನಿ. ಬಲಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಕೊಳವೆಯನ್ನು, ಅಂದರೆ ಹೋಸನ್ನು, ಬಿಚ್ಚಿದೆವು. ಹೊರಗೆ ನುಣುಪಾಗಿತ್ತು, ಒಳಗೆ ಊದಿಕೊಂಡು ದಾರಿಯೇ ಮುಚ್ಚಿತ್ತು. ಬಲದ ಬ್ರೇಕು ಹಿಡಿಯದೆ ಸುಮ್ಮನಿದ್ದುದರಿಂದ, ನಿಯತ್ತಾಗಿ ಹಿಡಿದ ಎಡದ ಬ್ರೇಕು ಕಾರನ್ನು ತನ್ನ ಕಡೆಗೆ ತಿರುಗಿಸುತ್ತಿತ್ತು. ಶಿಕ್ಷೆಯಾದದ್ದು ಎಡಚಕ್ರಕ್ಕೂ ಡ್ರೈವರಣ್ಣನಿಗೂ!

ಹೊಸ ಹೋಸ್ ಹಾಕಿದೆವು, ಕಾರು ಗೆರೆ ಎಳೆದಂತೆ ನಿಂತಿತು. ಆಮೇಲೆ ಮೇಡಂ ಮಾಡಿದ ಕೆಲಸಕ್ಕೆ ನಾನು ಬೆಚ್ಚಿಬಿದ್ದೆ: ಹೊಸದನ್ನು ಬಿಚ್ಚಿ ಹಳೆಯದನ್ನೇ ತಿರುಗಿ ಜೋಡಿಸಿದರು. "ಸಾಕ್ಷಿ ಅದರ ಜಾಗದಲ್ಲೇ ಇರಲಿ" ಎಂದರು.

ಸಮಿತಿಯ ಮುಂದಿನ ಸಭೆಯ ದಿನ ಮೇಡಂ ಯಾರೂ ಕರೆಯದಿದ್ದರೂ ಒಳಗೆ ಹೋಗಿ, ಮೂವರನ್ನೂ ಮೈದಾನಕ್ಕೆ ಕರೆತಂದರು. "ಸಾರ್, ನಿಮ್ಮ ಕೈ ಗಟ್ಟಿ ಇದೆಯಲ್ವಾ? ನಿಧಾನಕ್ಕೇ ಓಡಿಸಿ, ನಾನು ಕೈ ಎತ್ತಿದಾಗ ಬ್ರೇಕ್ ಒತ್ತಿ" ಎಂದರು. ಇಡೀ ತರಗತಿ ನೋಡುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಪ್ರಾಂಶುಪಾಲರು ಕೂತರು, ಓಡಿಸಿದರು, ಒತ್ತಿದರು. ಕಾರು ಅವರನ್ನೂ ಹೊತ್ತುಕೊಂಡು ಎಡಗಡೆಯ ಹಳೆ ಟೈರುಗಳ ರಾಶಿಯೊಳಗೆ ನುಗ್ಗಿತು.

ಮೇಡಂ ನಡೆದುಹೋಗಿ, ಕಿಟಕಿಗೆ ಬಾಗಿ, ಬಹು ವಿನಯದಿಂದ ವಿಚಾರಿಸಿದರು: "ಸಾರ್, ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ?"

ನಂತರ ಹೊಸ ಹೋಸ್ ಹಾಕಿ ಡ್ರೈವರಣ್ಣನನ್ನು ಕೂರಿಸಿದರು. ಸುಣ್ಣದ ಗೆರೆಯ ಮೇಲೆ ಬಂದ ಕಾರು ಗೆರೆಯ ಮೇಲೆಯೇ ನಿಂತಿತು. ಇಳಿಯುವಾಗ ಅವರು ತಮ್ಮ ಎರಡೂ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

ಇಲ್ಲಿಗೆ ನ್ಯಾಯ ಸಿಕ್ಕಿತೆಂದು ಓದುಗರು ಭಾವಿಸಬಾರದು. ಡ್ರೈವರಣ್ಣನನ್ನು ಕೆಲಸಕ್ಕೆ ತೆಗೆದುಕೊಂಡ ಆದೇಶದಲ್ಲಿ ಇದ್ದ ಮಾತು "ಮಾನವೀಯ ನೆಲೆಯಲ್ಲಿ". ತಪ್ಪೇ ಮಾಡದವನಿಗೆ ಕ್ಷಮೆ! ಕೊಡದ ನ್ಯಾಯಕ್ಕೆ ದಯೆಯ ಹೊದಿಕೆ! ಆ ಹೊದಿಕೆಯನ್ನು ಹೊತ್ತುಕೊಂಡೇ ಆ ಹಿರಿಯರು ನಿವೃತ್ತರಾದರು. ಮೇಡಂ ಅವರಿಂದ ವಿಭಾಗದ ಮುಖ್ಯಸ್ಥರ ಹುದ್ದೆಯನ್ನು ಆ ವರ್ಷವೇ ಕಿತ್ತುಕೊಳ್ಳಲಾಯಿತು, ಮರಳಿ ಕೊಡಲೇ ಇಲ್ಲ. ಅವರು ಒಂದು ಪಾಠವನ್ನೂ ತಪ್ಪಿಸದೆ, ತಮ್ಮ ವಿದ್ಯಾರ್ಥಿಯಾಗಿದ್ದವರ ಕೈಕೆಳಗೆ ಸೇವೆ ಮುಗಿಸಿದ್ದಾರೆ. ಇದೇ ಗ್ರಂಥದ ಮೊದಲ ಪುಟಗಳಲ್ಲಿ ಆ ಮಾಜಿ ಪ್ರಾಂಶುಪಾಲರ ಶುಭಸಂದೇಶವಿದೆ. "ಅವರ ನೇರ ನಡೆಯನ್ನು ನಾನು ಸದಾ ಮೆಚ್ಚಿದ್ದೇನೆ" ಎಂದು ಬರೆದಿದ್ದಾರೆ. ಮೆಚ್ಚದೆ ಇನ್ನೇನು? ಅವರೊಮ್ಮೆ ಓರೆ ನಡೆದು ನೋಡಿದವರಲ್ಲವೇ.

ಬೀಳ್ಕೊಡುಗೆಗೆ ಏನು ಬೇಕೆಂದು ಸಂಸ್ಥೆಯವರು ಕೇಳಿದಾಗ ಮೇಡಂ, "ಡ್ರೈವರಣ್ಣನ ಆ ಆದೇಶ ತಿದ್ದಿ ಕೊಡಿ" ಎಂದರಂತೆ. "ಹಳೇ ವಿಷಯ ಯಾಕೆ ಮೇಡಂ, ಒಂದು ಒಳ್ಳೇ ಗಡಿಯಾರ ಕೊಡ್ತೀವಿ" ಎಂಬ ಉತ್ತರ ಬಂದಿದೆ. ಗಡಿಯಾರವನ್ನು ಅವರು ಬೇಡವೆಂದಿದ್ದಾರೆ.

ಆದೇಶ ತಿದ್ದುವ ಅಧಿಕಾರ ನನಗಿಲ್ಲ. ಆದರೆ ಈ ಗ್ರಂಥ ಸಂಸ್ಥೆಯ ಹೆಸರಿನಲ್ಲಿ ಅಚ್ಚಾಗುತ್ತಿದೆ, ಇದರ ಒಂದು ಪ್ರತಿ ಡ್ರೈವರಣ್ಣನ ಮನೆ ತಲುಪುವಂತೆ ನಾನೇ ನೋಡಿಕೊಳ್ಳುತ್ತೇನೆ. ಆದ್ದರಿಂದ ಇಲ್ಲಿ ಬರೆಯುತ್ತೇನೆ: ಆ ಬೆಳಿಗ್ಗೆ ಕಾರು ಕಂಬಕ್ಕೆ ಬಡಿದದ್ದು ಬಲಚಕ್ರದ ಬ್ರೇಕ್ ಹೋಸ್ ಮುಚ್ಚಿಹೋಗಿದ್ದರಿಂದ. ಚಾಲಕರು ಸರಿಯಾದ ಹೊತ್ತಿಗೆ ಬ್ರೇಕ್ ಒತ್ತಿದರು, ಒಬ್ಬ ಮನುಷ್ಯನನ್ನು ಉಳಿಸಿದರು. ಅವರ ಕೈ ನಡುಗಲಿಲ್ಲ.

ಇದೇ ಮಾತನ್ನು ಸಂಸ್ಥೆ ತನ್ನ ಬಾಯಿಂದ, ಎಲ್ಲರೆದುರು, ಹೇಳುವ ದಿನದವರೆಗೆ ಮೇಡಂ ಅವರೂ ಡ್ರೈವರಣ್ಣನೂ ಕಿವಿ ಚುರುಕಾಗಿಟ್ಟುಕೊಂಡು, ಕೈತುಂಬ ಕೆಲಸವಿಟ್ಟುಕೊಂಡು, ಆರೋಗ್ಯದಿಂದ ಬಾಳಲಿ. ನಮ್ಮ ಸಂಸ್ಥೆಯ ವೇಗವನ್ನು ಬಲ್ಲ ನಾನು, ಇದಕ್ಕಿಂತ ದೀರ್ಘವಾದ ಆಯುಸ್ಸನ್ನು ಯಾರಿಗೂ ಹಾರೈಸಲಾರೆ.