ಸೊನ್ನೆ ಒತ್ತಿ ಮನೆಗೆ ಹೋದವ

ನಾಗವೇಣಿ, ಆ ಡ್ರಿಲ್ ಮುರಿದದ್ದು ನಿನ್ನ ತಪ್ಪಿನಿಂದಲ್ಲ. ಅದನ್ನು ಬದಲಿಸದೆಯೇ, ಬದಲಿಸಿದೆ ಎಂದು ಮಷೀನಿಗೆ ಸುಳ್ಳು ಹೇಳಿ ಮನೆಗೆ ಹೋದವ ನಾನು. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ದೊಡ್ಡ ಮನುಷ್ಯ ನೋಡು!

ಹೊನ್ನಾವರದ ಆ ವರ್ಕ್‌ಶಾಪಿನಲ್ಲಿ ನಾವು ಬೋಟ್ ಎಂಜಿನ್ನಿನ ನೀರಿನ ಪಂಪಿಗೆ ಬಾಡಿ ಮಾಡುತ್ತಿದ್ದೆವು. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷೀನು, ತನ್ನ ಟೂಲುಗಳನ್ನು ತಾನೇ ಬದಲಿಸಿಕೊಳ್ಳುವಂಥದ್ದು. ಪ್ರತಿ ಡ್ರಿಲ್ ಎಷ್ಟು ತೂತು ಕೊರೆಯಿತೆಂದು ಎಣಿಸುತ್ತಿತ್ತು. ಅದರ ಆಯುಷ್ಯ ಮುಗಿದರೆ ಒಳಗಿಟ್ಟು, ಜೋಡಿ ಡ್ರಿಲ್ಲನ್ನು ಎತ್ತಿಕೊಳ್ಳುತ್ತಿತ್ತು. ಎರಡೂ ಮುಗಿದರೆ ನಿಂತು ಕೂಗುತ್ತಿತ್ತು. ಆಗ ನಾವು ಹೊಸ ಡ್ರಿಲ್ ಹಾಕಿ, ಉದ್ದ ಅಳೆದು ಮಷೀನಿಗೆ ಕೊಟ್ಟು, ಎಣಿಕೆಯನ್ನು ಸೊನ್ನೆಗೆ ತರಬೇಕು.

ನನಗೋ, ಆ ಎಣಿಕೆಯೆಂದರೆ ತಾತ್ಸಾರ. ಹಳೇ ಲೇತಿನಲ್ಲಿ ಕೈ ಪಳಗಿದವ ನಾನು. ಡ್ರಿಲ್ ಸವೆದದ್ದು ನನ್ನ ಕಿವಿಗೇ ಗೊತ್ತಾಗುತ್ತದೆ ಎಂದು ಮೀಸೆ ತಿರುವುತ್ತಿದ್ದೆ. ನೀನು ಐಟಿಐ ಮುಗಿಸಿ ಬಂದವಳು, ಪರದೆ ನೋಡಿ ಕೆಲಸ ಮಾಡುವವಳು. "ಟಿವಿ ನೋಡೂಕೆ ಬಂದಿದ್ಯೇನೇ?" ಎಂದು ಎಲ್ಲರೆದುರು ಆಡಿಕೊಂಡೆ. ನಮ್ಮ ಗಂಡಸರ ಗುಂಪಿಗೆ ನಗಲು ಅಷ್ಟೇ ಸಾಕಿತ್ತು.

ಆ ಮಧ್ಯಾಹ್ನ ನನ್ನ ಪಾಳಿ ಮುಗಿಯುವಾಗ ಮಷೀನು ಕೂಗಿತು. ಕುಮಟಾ ಬಸ್ಸು ತಪ್ಪಿ ಹೋಗುತ್ತದೆ ಎಂದು — ಇಲ್ಲ, ಬಸ್ಸಿನ ನೆಪ ಹೇಳುವುದು ಬೇಡ. ಬಸ್ಸು ಬೇಕಾದಷ್ಟಿದ್ದವು. ಹೊಸ ಡ್ರಿಲ್ ಪಕ್ಕದ ಕಪಾಟಿನಲ್ಲೇ ಇತ್ತು. ನಾನು ಎರಡರ ಎಣಿಕೆಗೂ ಸೊನ್ನೆ ಒತ್ತಿ, ಕೈ ತೊಳೆದು ಹೊರಟೆ.

ಮುಂದಿನ ಪಾಳಿಗೆ ನೀನು ಬಂದೆ. ಪರದೆ ಎರಡೂ ಹೊಸತು ಎಂದಿತು. ನಂಬದೆ ನೀನು ಮತ್ತೇನು ಮಾಡಬೇಕಿತ್ತು? ಡ್ರಿಲ್ ಪಂಪಿನ ಎರಕದೊಳಗೇ ಮುರಿಯಿತು. ಮಷೀನಿಗೇನು ಗೊತ್ತು, ಅದು ತಿರುಪಿನ ಗೆರೆ ಕೊರೆಯುವ ಮುಂದಿನ ಟೂಲನ್ನು ಎತ್ತಿಕೊಂಡು ಅದೇ ತೂತಿಗೆ ಇಳಿಸಿತು. ಅದೂ ಮುರಿದು, ಟೂಲು ಹಿಡಿದು ತಿರುಗಿಸುವ ಸ್ಪಿಂಡಲ್ಲೇ ಕೆಟ್ಟು ಕೂತಿತು.

ಮರುದಿನ ಬೆಳಿಗ್ಗೆ ಸುದ್ದಿ ತಿಳಿದದ್ದೇ ಎಲ್ಲರಿಗಿಂತ ಮೊದಲು ಓಡಿದೆ. ಒಳಗಿದ್ದ ಜೋಡಿ ಡ್ರಿಲ್ಲೂ ಸವೆದು ಕಪ್ಪಾಗಿತ್ತು; ಅದನ್ನು ಯಾರು ನೋಡಿದ್ದರೂ ನನ್ನ ಬಂಡವಾಳ ಬಯಲಾಗುತ್ತಿತ್ತು. ಅದನ್ನು ತೆಗೆದು ಹೊಸದು ಹಾಕಿಟ್ಟೆ. ಆಗ ಬದಲಿಸಲು ಸಮಯವಿತ್ತು, ನೋಡು!

"ಎಂತ ಆತೋ ಇದು?" ಮಾಲಕರು ಕೇಳಿದರು.

"ನಾ ಎರಡೂ ಹೊಸದು ಹಾಕೇ ಹೋಗಿದ್ದೆ. ಇವಳೇ ಅಳತೆ ತಪ್ಪು ಕೊಟ್ಟಿರಬೇಕು."

ನೀನು ಪಾಳಿಯ ಶುರುವಿಗೆ ಬೇರೊಂದು ಟೂಲಿನ ಅಳತೆ ಸರಿಪಡಿಸಿದ್ದೆ. ಅದು ಗೊತ್ತಿದ್ದೇ ನಾನು ಹಾಗೆಂದೆ. "ಸರಿಯಾಗೇ ಕೊಟ್ಟಿದ್ದೆ ಅನಿಸ್ತದೆ" ಎಂದೆ ನೀನು, ದನಿ ಇಳಿದಿತ್ತು. "ಅನಿಸ್ತದಂತೆ!" ಎಂದು ನಾನು ನಕ್ಕೆ. ಮಾಲಕರಿಗೂ ಅಷ್ಟೇ ಬೇಕಿತ್ತು. ಮಷೀನಿನ ಹತ್ತಿರ ಹೋಗಿ ನೋಡುವ ತಾಪತ್ರಯ ತಪ್ಪಿತು. ಅವತ್ತೇ ನಿನ್ನನ್ನು ಕೆಲಸದಿಂದ ಕಳಿಸಿದರು.

ಮೊನ್ನೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಹತ್ತಿರ ಬಂದೆ. ಗೋಡಂಬಿ ಫ್ಯಾಕ್ಟರಿಯಲ್ಲಿ ಬೀಜ ಆರಿಸುವ ಕೆಲಸ ಎಂದೆ. ಆಮೇಲೆ ತಲೆ ತಗ್ಗಿಸಿ — "ಅಣ್ಣಾ, ನನ್ನಿಂದ ಮಷೀನು ಹಾಳಾತು. ಅಳತೆ ನಾನೇ ತಪ್ಪಿ ಒತ್ತಿದ್ದೆ ಕಾಣ್ತದೆ. ಈಗ ಯಾವ ಮಷೀನು ಮುಟ್ಟೂಕೆ ಹೋದ್ರೂ ಕೈ ನಡುಗ್ತದೆ."

ಅಲ್ಲಿಯಾದರೂ ನಾಲಗೆ ಹೊರಳಬೇಕಿತ್ತು. ನಾನು ಹೇಳಿದ್ದೇನು? "ಹೋಗ್ಲಿ ಬಿಡು, ಎಲ್ಲರಿಗೂ ಆಗ್ತದೆ." ದೊಡ್ಡ ಮನಸ್ಸು ಮಾಡಿ ನಿನ್ನನ್ನು ಕ್ಷಮಿಸಿ, ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಥೂ, ನನ್ನ ಜನ್ಮಕ್ಕೆ!

ನಾಳೆ ಮಾಲಕರಿಗೆ ಹೇಳುತ್ತೇನೆ, ಅಂದು ನನ್ನ ಜೊತೆ ನಕ್ಕವರೆಲ್ಲ ಇರುವಾಗಲೇ. ಅಲ್ಲಿಂದ ನೇರ ನಿನ್ನ ಫ್ಯಾಕ್ಟರಿ ಗೇಟಿಗೆ ಬಂದು ಇದನ್ನೆಲ್ಲ ನಿನ್ನೆದುರೇ ಹೇಳುತ್ತೇನೆ. ನೀನು ಬೈದರೆ ಕೇಳುತ್ತೇನೆ, ಮಾತಾಡದೆ ಒಳಗೆ ಹೋದರೂ ನಿಂತಿರುತ್ತೇನೆ. ನಿನ್ನ ಕೈ ತಪ್ಪಿರಲಿಲ್ಲ, ನಾಗವೇಣಿ. ನಡುಗಬೇಕಾದದ್ದು ನನ್ನ ಕೈ — ಅದು ಒಂದು ದಿನವೂ ನಡುಗಲಿಲ್ಲ.